ಅಕ್ಕನ ಕೆನ್ನೆಯ ಅರಿಶಿನ

ನಮ್ಮ ಮೆಡಿಕಲ್ ಶಾಪಿನಲ್ಲಿ ಒಬ್ಬಳಿಗೋಸ್ಕರವೇ ತರಿಸುತ್ತಿದ್ದ ಒಂದು ಕ್ರೀಮು ಇದೆ. ಬಿಳಿ ಡಬ್ಬ, ಬಿಳಿ ಮುಚ್ಚಳ, ವಾಸನೆಯೇ ಇಲ್ಲ. ಬೆಳ್ಳಗೆ ಮಾಡುತ್ತೇನೆಂದು ಅದು ಹೇಳಿಕೊಳ್ಳುವುದಿಲ್ಲ, ವಯಸ್ಸು ಇಳಿಸುತ್ತೇನೆಂದೂ ಹೇಳುವುದಿಲ್ಲ. ಡಬ್ಬದ ಮೇಲೆ ನಗುವ ಹೆಂಗಸಿನ ಚಿತ್ರ ಕೂಡ ಇಲ್ಲದ್ದರಿಂದ ಹಿಂದೂಪುರದಲ್ಲಿ ಅದನ್ನು ಬೇರೆ ಯಾರೂ ಕೇಳುವುದಿಲ್ಲ. ಮೊನ್ನೆ ಮಾಲೀಕರು ರ‍್ಯಾಕು ಒರೆಸುತ್ತಾ, "ಇದು ಓಡ್ತಾನೇ ಇಲ್ವಲ್ಲಮ್ಮಾ, ಏಜೆನ್ಸಿಗೆ ವಾಪಸ್ ಹಾಕ್ಬುಡಾನ" ಎಂದರು. "ಹಾಕಾನ ಸಾರ್" ಎಂದೆ. ಎಂದವಳು ಆ ಡಬ್ಬಗಳನ್ನು ಹಿಂದಿನ ಸಾಲಿಗೆ ತಳ್ಳಿ ಅವುಗಳ ಮುಂದೆ ಕೆಮ್ಮಿನ ಔಷಧಿ ಜೋಡಿಸಿಟ್ಟೆ. ಅದನ್ನು ತೆಗೆದುಕೊಳ್ಳುತ್ತಿದ್ದವಳು ಹೋಗಿ ಇನ್ನೂ ವರ್ಷ ತುಂಬಿಲ್ಲ.

ಅವಳು ನಮ್ಮ ಪಕ್ಕದ ಮನೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು, ಬೀದಿಗೆಲ್ಲ ಅಕ್ಕ. ತವರು ಕಲ್ಯಾಣದುರ್ಗ. ಗಂಡ ಲಾರಿ ಡ್ರೈವರ್, ಹುಣಸೆಹಣ್ಣಿನ ಲೋಡು ಹೊತ್ತು ಹೋದರೆ ವಾರಗಟ್ಟಲೆ ಊರ ಕಡೆ ಬರುತ್ತಿರಲಿಲ್ಲ. ಒಬ್ಬಳೇ ಮಗಳನ್ನು ಪೆನುಕೊಂಡಕ್ಕೆ ಕೊಟ್ಟಿದ್ದಳು. ಮನೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಅವಳ ಹೊಲಿಗೆ ಎಷ್ಟು ಸಣ್ಣದೆಂದರೆ, ಬೆರಳಾಡಿಸಿದರೆ ತಿಳಿಯಬೇಕೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ಸೀರೆ ಮಡಚಿ ಕೊಡುವಾಗ ಒಂದು ಸಲ ಅಂಗೈಯಿಂದ ಅದರ ಬೆನ್ನು ಸವರುತ್ತಿದ್ದಳು, ಮಗುವನ್ನು ಸ್ಕೂಲಿಗೆ ಕಳಿಸುವಾಗ ಸವರುತ್ತಾರಲ್ಲ, ಹಾಗೆ.

ಆ ಕೈಗೆ ಬೀದಿಯಲ್ಲಿ ಇನ್ನೊಂದು ಹೆಸರಿತ್ತು. ಮದುವೆ ಮನೆಯಲ್ಲಿ ಹೆಣ್ಣಿಗೆ ಮೊದಲ ಅರಿಶಿನ ಹಚ್ಚುವುದು ಅಕ್ಕನೇ ಆಗಬೇಕು. ಅವಳ ಕೈಗುಣ ಒಳ್ಳೆಯದು, ಅವಳು ಹಚ್ಚಿದ ಹುಡುಗಿಯರೆಲ್ಲ ಗಂಡನ ಮನೆಯಲ್ಲಿ ಸುಖವಾಗಿದ್ದಾರೆ ಎಂದು ಮಾತು. ಎಲ್ಲರೂ ಸುಖವಾಗಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಹಾಗೆ ನಾನು ಅಂದಾಗಲೆಲ್ಲ ಅಕ್ಕ ನನ್ನ ತಲೆಗೆ ಮೊಟಕುತ್ತಿದ್ದಳು. "ನಿನ್ನ ಬಾಯಿಗೊಂದು ಮಾತ್ರೆ ಇಲ್ವೇನೇ ನಿಮ್ಮ ಅಂಗಡೀಲಿ?" ಎನ್ನುತ್ತಿದ್ದಳು. ಚಪ್ಪರದ ಕೆಳಗೆ ಹಸಿ ಅರಿಶಿನದ ಬಟ್ಟಲು ಹಿಡಿದು ನಿಂತಾಗ ಮಾತ್ರ ಅವಳಿಗೆ ನಗೆಯೂ ಇಲ್ಲ, ತಮಾಷೆಯೂ ಇಲ್ಲ. ಅಷ್ಟು ಹೊತ್ತು ಅವಳು ಬೇರೆ ಯಾರೋ ದೊಡ್ಡ ಮನುಷ್ಯಳಾಗಿಬಿಡುತ್ತಿದ್ದಳು. ತಾನೂ ದಿನಾ ಬೆಳಿಗ್ಗೆ ಮುಖಕ್ಕೆ ಅರಿಶಿನ ಹಚ್ಚಿ ಸ್ನಾನ ಮಾಡಿ, ಹಣೆಗೆ ಅಗಲವಾಗಿ ಕುಂಕುಮವಿಟ್ಟು, ಆಮೇಲೇ ಬಾಗಿಲಿಗೆ ನೀರು ಹಾಕುತ್ತಿದ್ದದ್ದು.

ನಲವತ್ತೈದು ದಾಟಿ ಮುಟ್ಟು ಹಿಂದುಮುಂದಾಗತೊಡಗಿದ ಕಾಲಕ್ಕೆ ಅವಳ ಮುಖ ಕೆಟ್ಟಿತು. ತೊಳೆದ ಕೂಡಲೇ ಚರ್ಮ ಬಿಗಿದುಕೊಳ್ಳುತ್ತಿತ್ತು. ಕೆನ್ನೆಯ ಮೇಲೆ ಹೊಟ್ಟು ಏಳುತ್ತಿತ್ತು, ಬಾಯಿಯ ಪಕ್ಕ ಸೀಳುತ್ತಿತ್ತು. ಬಿಸಿಲಿಗೆ ಹೋಗಿ ಬಂದರೆ ಉರಿ, ಸೋಪು ಹಾಕಿದರೆ ಉರಿ, ಒಲೆಯ ಮುಂದೆ ಕೂತರೆ ಉರಿ. ಮಧ್ಯಾಹ್ನ ಅಂಗಡಿ ಖಾಲಿಯಿರುವಾಗ ಬಂದು ನನ್ನ ಸ್ಟೂಲಿನ ಮೇಲೆ ಕೂತು, "ಈ ಮೊಕ ನಂದಲ್ಲ ಅನ್ನಿಸ್ತೈತೆ ಕಣಮ್ಮ. ಯಾರದೋ ಮೊಕ ಇಸ್ಕಂಡು ಬಂದು ಓಡಾಡ್ತಿದೀನಿ" ಎಂದಳು ಒಂದು ದಿನ.

ನಮ್ಮ ಬೀದಿಯಲ್ಲಿ ಯಾರಿಗೆ ಏನಾದರೂ ಆದರೆ ಮದ್ದು ಹೇಳದವರೇ ಇಲ್ಲ. ಒಬ್ಬಳು ಕಡಲೆಹಿಟ್ಟು ಅಂದಳು. ಇನ್ನೊಬ್ಬಳು ನಿಂಬೆಹಣ್ಣು ಉಜ್ಜು ಅಂದಳು. ಆ ನಿಂಬೆಹಣ್ಣು ಹಚ್ಚಿಕೊಂಡ ದಿನ ಅಕ್ಕ ನೀರಿನ ತೊಟ್ಟಿಗೆ ಮುಖ ಅದ್ದಿಕೊಂಡು ಕೂತಿದ್ದಳು. ಕೆನೆ, ಲೋಳೆಸರ, ಮಕ್ಕಳ ಪೌಡರು ಎಲ್ಲ ಆಯಿತು. ಪಕ್ಕದ ಬೀದಿಯ ಹೆಂಗಸೊಬ್ಬಳು ತಾನು ಹಚ್ಚಿ ಬೆಳ್ಳಗಾದ ಟ್ಯೂಬನ್ನೇ ತಂದುಕೊಟ್ಟಳು. ಅದನ್ನು ಕಂಡು ನನಗೆ ಮೈ ಉರಿದುಹೋಯಿತು. ಅಂಥ ಟ್ಯೂಬು ಹಚ್ಚಿ ಮೊದಲು ಹೊಳೆದು ಆಮೇಲೆ ಮುಖ ತೆಳ್ಳಗಾಗಿ ಕೆಂಪು ನರ ಕಾಣುವಂತಾದ ಹುಡುಗಿಯರನ್ನು ಕೌಂಟರಿನಲ್ಲಿ ದಿನಾ ನೋಡುತ್ತೇನೆ. ಟ್ಯೂಬು ಕಿತ್ತುಕೊಂಡು ಬುಟ್ಟಿಗೆ ಹಾಕಿ ಅವಳನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಆ ಡಾಕ್ಟರು ವಾರಕ್ಕೊಮ್ಮೆ ಹೊರಗಿನಿಂದ ಬರುವವರು. ಮುಖಕ್ಕೆ ಏನೇನು ಹಚ್ಚಿದ್ದೀರಿ ಎಂದು ಕೇಳಿದರು. ಅಕ್ಕ ಒಂದೊಂದೇ ಹೇಳಿದಳು. ಒಂದು ಮುಗಿದ ಮೇಲೆ ಅವರು "ಇಂಕಾ?" ಎಂದು ತೆಲುಗಿನಲ್ಲಿ ಕೇಳುತ್ತಾರೆ, ಇವಳು ಇನ್ನೊಂದು ಹೇಳುತ್ತಾಳೆ, ಅವರು ಮತ್ತೆ "ಇಂಕಾ?" ಅನ್ನುತ್ತಾರೆ. ಕೊನೆಗೆ ಅವರು ಪೆನ್ನು ಕೆಳಗಿಟ್ಟು, ಎಲ್ಲಾ ನಿಲ್ಲಿಸಿ ಎಂದರು. ವಯಸ್ಸಿಗೆ ಚರ್ಮದ ಜಿಡ್ಡು ಕಡಿಮೆಯಾಗುತ್ತದೆ, ಅದನ್ನು ಇನ್ನಷ್ಟು ತೊಳೆದು ಉಜ್ಜಿ ತೆಗೆಯಬೇಡಿ. ಉಗುರುಬೆಚ್ಚಗಿನ ನೀರು ಸಾಕು. ಒದ್ದೆಯಿರುವಾಗಲೇ ಈ ಕ್ರೀಮು ಹಚ್ಚಿ. ಬಿಸಿಲಿಗೆ ಸೆರಗು ಹೊದ್ದುಕೊಂಡು ಹೋಗಿ ಎಂದರು. ನಾವು ಬಾಗಿಲವರೆಗೆ ಬಂದ ಮೇಲೆ ಏನೋ ನೆನಪಾದವರಂತೆ, "ಪಸುಪು ಕೂಡಾ ವದ್ದಮ್ಮಾ" ಎಂದು ಸೇರಿಸಿದರು.

ಅಕ್ಕ ತಿರುಗಿ ನಿಂತಳು. "ಅರಿಶಿನಾನೂ ಬ್ಯಾಡ್ವಾ ಸಾರ್?"

"ಪಸುಪು ಮಂಚಿದೇ. ಮೀ ಚರ್ಮಾನಿಕಿ ಪಡದು."

ಅರಿಶಿನ ಒಳ್ಳೆಯದೇ, ನಿಮ್ಮ ಚರ್ಮಕ್ಕೆ ಆಗಿಬರುವುದಿಲ್ಲ ಎಂದು ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಅಕ್ಕ ಸೆರಗು ಹೊದ್ದುಕೊಂಡು ಮೆಟ್ಟಿಲು ಇಳಿದಳು. ಇಳಿದ ಮೇಲೆ, "ಆ ಡಾಕ್ಟ್ರಿಗೆ ಮನೇಲಿ ಹೆಂಡ್ತಿ ಇಲ್ವೇನಮ್ಮಾ?" ಎಂದು ಕೇಳಿದಳು.

ಆದರೂ ಹೇಳಿದ್ದನ್ನು ಮಾಡಿದಳು. ಅವಳು ಮುಖ ತೊಳೆಯುವುದನ್ನು ನೋಡುವುದೇ ಚೆಂದ. ಬೊಗಸೆಯಲ್ಲಿ ನೀರು ಹಿಡಿದು ಅದರೊಳಗೆ ಮುಖ ಇಡುತ್ತಿದ್ದಳೇ ಹೊರತು ಎರಚಿಕೊಳ್ಳುತ್ತಿರಲಿಲ್ಲ. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸದೆ ಬರೀ ಒತ್ತಿಕೊಳ್ಳುವುದು. ನೀರು ಪೂರ್ತಿ ಆರುವ ಮುಂಚೆ ಕ್ರೀಮು ತೆಗೆದು ಎರಡೂ ಅಂಗೈಗೆ ಹಚ್ಚಿ, ಕೆನ್ನೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದಳು. ಜನ್ಮದಲ್ಲಿ ಮೊದಲ ಸಲ ತನ್ನ ಮುಖಕ್ಕೆ ತಾನೇ ಸಮಾಧಾನ ಹೇಳುತ್ತಿರುವವಳ ಹಾಗೆ ಕಾಣುತ್ತಿದ್ದಳು. ಅಂಗಡಿಗೆ ಬರುವ ಹುಡುಗಿಯರು ಸ್ಕ್ರಬ್ ಕೇಳಿದರೆ ಸ್ಟೂಲಿನ ಮೇಲಿಂದಲೇ ರೇಗುತ್ತಿದ್ದಳು. "ಮೊಕ ಏನು ಪಾತ್ರೆನಾ, ಉಜ್ಜಾಕೆ? ಒತ್ತು ಕಣಮ್ಮ, ಉಜ್ಜಬ್ಯಾಡ." ಇದರಿಂದ ನಮಗೆ ವ್ಯಾಪಾರ ಹೋಗುತ್ತಿತ್ತು. ಮಾಲೀಕರು ನನ್ನ ಮುಖ ನೋಡುತ್ತಿದ್ದರು, ನಾನು ಗೋಡೆ ನೋಡುತ್ತಿದ್ದೆ.

ಕೆಲವು ವಾರಗಳಲ್ಲಿ ಹೊಟ್ಟು ಉದುರಿ ಕೆನ್ನೆ ತಿಳಿಯಾಯಿತು. ಒಂದು ಸಂಜೆ ಜಗಲಿಯ ಮೇಲೆ ಕೂತಿದ್ದಾಗ ಗಾಳಿ ಬೀಸಿತು. "ಗಾಳಿ ತಣ್ಣಗೈತೆ ಅಂತ ನನ್ನ ಮೊಕಕ್ಕೆ ಗೊತ್ತಾಯ್ತು ನೋಡು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಈ ಸುಖ ಬಹಳ ದಿನ ಉಳಿಯಲಿಲ್ಲ. ನಮ್ಮ ಕಡೆ ತಾಂಬೂಲಕ್ಕೆ ಕರೆದರೆ ಬಂದವಳ ಕೆನ್ನೆಗೆ, ಪಾದಕ್ಕೆ ಮೊದಲು ಅರಿಶಿನ ಹಚ್ಚುತ್ತಾರೆ. ಒಂದು ಮನೆಯಲ್ಲಿ ಹಾಗೆ ಹಚ್ಚಲು ಬಂದಾಗ ಅಕ್ಕ ಮುಖ ಹಿಂದಕ್ಕೆ ತೆಗೆದು ಕಾಲು ಮುಂದೆ ಚಾಚಿದಳು. "ಕಾಲಿಗೆ ಹಚ್ಚಮ್ಮ ಸಾಕು, ಮೊಕಕ್ಕೆ ಬ್ಯಾಡ. ಡಾಕ್ಟ್ರು ಹೇಳವ್ರೆ."

ಮೂಲೆಮನೆಯ ಮುದುಕಿ ಅಲ್ಲೇ ಕೂತಿದ್ದಳು. "ಏಮಮ್ಮಾ, ಮುತ್ತೈದೆ ಮೊಕಕ್ಕೆ ಅರಿಶಿನ ಬ್ಯಾಡ ಅನ್ನಬೌದಾ? ನಿನ್ ಯಜಮಾನ ಲಾರಿ ಮ್ಯಾಗೆ ಇರೋನು. ಒಳ್ಳೇ ಡಾಕ್ಟ್ರು ಸಿಕ್ದ ಬಿಡು ನಿಂಗೆ" ಎಂದಳು.

ಯಾರೂ ಜಗಳ ಮಾಡಲಿಲ್ಲ. ಮಾಡಿದ್ದರೆ ಅಕ್ಕ ಉತ್ತರ ಕೊಡುತ್ತಿದ್ದಳು. ಸುಮ್ಮನೆ ಕರೆಯುವುದನ್ನು ಬಿಟ್ಟರು. ಮುಂದಿನ ಮದುವೆಯಲ್ಲಿ ಮೊದಲ ಅರಿಶಿನಕ್ಕೆ ಇನ್ನೊಬ್ಬಳನ್ನು ಕರೆದರು. ಆ ಮನೆ ನಮ್ಮ ಎದುರಿನದೇ. ಅಕ್ಕ ಕಿಟಕಿಯ ಹತ್ತಿರ ಫಾಲ್ ಹೊಲಿಯುತ್ತಾ ಕೂತಿದ್ದಳು. ಚಪ್ಪರದಲ್ಲಿ ಸೋಬಾನೆ ಶುರುವಾದಾಗ ಅವಳ ಬಲಗೈ ಸೂಜಿ ಬಿಟ್ಟು ತನ್ನಷ್ಟಕ್ಕೆ ತಾನೇ ಸ್ವಲ್ಪ ಮೇಲೆದ್ದಿತು. ಮತ್ತೆ ಸೂಜಿ ಹಿಡಿಯಿತು. ನನಗೆ ಆ ಬೀದಿಗೆಲ್ಲ ಜುಲಾಬಿನ ಮಾತ್ರೆ ಹಂಚಬೇಕೆನಿಸಿತು.

ಇಷ್ಟರಲ್ಲಿ ಕುಂಕುಮದ ಬದಲು ಹಣೆಗೆ ಅಂಟಿಸತೊಡಗಿದ್ದ ಸ್ಟಿಕ್ಕರಿನ ಅಂಟೂ ಅವಳಿಗೆ ಆಗದೆ, ಬೊಟ್ಟಿನ ಜಾಗ ಹುಣ್ಣಾಯಿತು. ಕುಂಕುಮ ಇಟ್ಟರೆ ಕೆರೆತ. ಹುಣ್ಣು ಮಾಯುವವರೆಗೆ ಹಣೆಗೆ ಏನೂ ಇಡಬೇಡ ಎಂದು ನಾನೇ ಮುಲಾಮು ಕೊಟ್ಟೆ. ಅಂಥ ದಿನಗಳಲ್ಲಿ ಒಂದು ದಿನ ಅವಳು ಪರಿಗಿಗೆ ಹೋಗಿ ಹೊಲಿದ ಸೀರೆಗಳನ್ನು ಕೊಟ್ಟು ವಾಪಸ್ ಬಂದು ಹಿಂದೂಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಳು. ಬಿಸಿಲಿಗೆ ತಲೆತುಂಬ ಸೆರಗು ಹೊದ್ದಿದ್ದಳು, ತಾಳಿ ಒಳಗಿತ್ತು, ಧೂಳಿಗೆ ಕಣ್ಣು ಕೆಂಪಗಾಗಿದ್ದವು. ಅರಿಶಿನವಿಲ್ಲ, ಬೊಟ್ಟಿಲ್ಲ. ಹೊರಟಿದ್ದ ಇನ್ನೊಂದು ಬಸ್ಸಿನ ಕಿಟಕಿಯಿಂದ ಅವಳನ್ನು ಒಬ್ಬಳು ಕಂಡಳು. ಕಲ್ಯಾಣದುರ್ಗದ ಪಕ್ಕದ ಬ್ರಹ್ಮಸಮುದ್ರದವಳು, ಅಕ್ಕನ ತವರಿಗೆ ಗುರುತಿನವಳು. ಕೂಗಿ ಕೇಳುವಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತ್ತು. ಅವಳು ನೇರ ಹೋಗಿ ಕಲ್ಯಾಣದುರ್ಗದಲ್ಲಿ ಇಳಿದು, ಅಕ್ಕನ ತಾಯಿಯ ಮುಂದೆ ಕೂತು ಅತ್ತಳು.

ಮಾರನೆಯ ಬೆಳಿಗ್ಗೆ ನಮ್ಮ ಬೀದಿಯ ತುದಿಯಲ್ಲಿ ಒಂದು ವ್ಯಾನು ನಿಂತಿತು. ಅದರಿಂದ ಅಕ್ಕನ ತಾಯಿ, ಅಣ್ಣ, ಇನ್ನೂ ನಾಲ್ಕಾರು ಹೆಂಗಸರು ಇಳಿದು ಅಲ್ಲಿಂದಲೇ ಎದೆ ಬಡಿದುಕೊಂಡು ಅಳುತ್ತಾ ಬಂದರು. ಬೀದಿಗೆ ಬೀದಿಯೇ ಹೊರಗೆ ಬಂತು. ಅಕ್ಕನ ಮನೆಯ ಬಾಗಿಲು ತೆರೆಯಿತು. ಹಿಂದಿನ ಸಂಜೆಯಷ್ಟೇ ಊರಿಗೆ ಬಂದಿದ್ದ ಅಕ್ಕನ ಗಂಡ, ಹೆಗಲ ಮೇಲೊಂದು ಟವಲು, ಕೈಯಲ್ಲಿ ಮುರಿದ ಮುದ್ದೆ, "ಯಾರು ಹೋಗ್ಬುಟ್ರು?" ಎನ್ನುತ್ತಾ ಹೊಸ್ತಿಲ ಮೇಲೆ ನಿಂತ.

ಅಳು ನಿಂತಿತು. ಅಕ್ಕನ ತಾಯಿಗೆ, ಆ ಅಜ್ಜಿಗೆ, ಕಣ್ಣಿನ ಪೊರೆ ಬಲಿತು ದೃಷ್ಟಿ ಮಂಜಾಗಿತ್ತು. ಧ್ವನಿಯ ಕಡೆ ನಡೆದು ಅಳಿಯನ ಮುಖ, ಭುಜ, ತೋಳು ಎಲ್ಲ ತಡವಿ ನೋಡಿದಳು. ಅಳಿಯನ ಕೈ ಮುಟ್ಟಬಾರದೆಂಬುದೂ ಅವಳಿಗೆ ಮರೆತಿತ್ತು. ಅವನು, "ನಾನು ಸತ್ತಿಲ್ಲ ಕಣತ್ತೆ. ಸಾರು ಆರೋಗ್ತೈತೆ, ಉಂಡ್ಕಂಡು ಮಾತಾಡಾನ ಬನ್ನಿ" ಎಂದ. ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಣ್ಣ ತಲೆ ತಗ್ಗಿಸಿ ವ್ಯಾನಿನವನನ್ನು ಮಾತಾಡಿಸಲು ಹೋದ.

"ಒಂದು ಫೋನ್ ಮಾಡಬಾರದಿತ್ತಾ ಅಜ್ಜಿ?" ಎಂದೆ ನಾನು.

"ಫೋನಾಗೆ ಏನಂತ ಕೇಳ್ಲಮ್ಮ? ನಿನ್ ಗಂಡ ಅವ್ನಾ ಅಂತ ಕೇಳ್ಲಾ? ಹೆತ್ತ ಬಾಯಾಗೆ ಅಂಥ ಮಾತು ಬಂದ್ರೆ ಆಗ್ಬುಡ್ತದೆ ಕಣಮ್ಮ" ಎಂದಳು ಅಜ್ಜಿ. ಹೌದಲ್ಲ, ಹೇಗೆ ಕೇಳುತ್ತಾರೆ? ಕೇಳಲಾರದ್ದಕ್ಕೇ ದಾರಿಯುದ್ದಕ್ಕೂ ಅಳಿಯನನ್ನು ಸತ್ತವನೆಂದೇ ಅತ್ತುಕೊಂಡು ಬಂದಿದ್ದಳು. ಆಮೇಲೆ ಅವಳ ಕೈ ಮಗಳನ್ನು ಹುಡುಕಿತು. ಮಗಳ ಹಣೆ ಮುಟ್ಟಿತು, ಕೆನ್ನೆ ಮುಟ್ಟಿತು. ಕೈ ಹಿಂತೆಗೆದು ಬೆರಳು ಮೂಸಿ ನೋಡಿದಳು.

"ಬೋಳು ಮೊಕ ಹೊತ್ಕಂಡು ಊರೂರು ತಿರುಗ್ತೀಯೇನೇ? ಮನೇಲಿ ಗಂಡ ಕಲ್ಲುಗುಂಡಿನಂಗೆ ಅವ್ನೆ!"

"ಅರಿಶಿನ ಉರೀತೈತಮ್ಮ. ಡಾಕ್ಟ್ರು ಬ್ಯಾಡ ಅಂದವ್ರೆ."

"ಉರಿಯಾಕೆ ಅದೇನು ಮೆಣಸಿನಕಾಯಾ? ಏಳೇಳು ತಲೆಯಿಂದ ಹಚ್ಕಂಡು ಬಂದವ್ರೆ, ಯಾರಿಗೂ ಉರೀದೇ ಇದ್ದದ್ದು ನಿಂಗೆ ಉರೀತದಾ?" ಅಜ್ಜಿ ಬೆರಳನ್ನು ಇನ್ನೊಮ್ಮೆ ಮೂಸಿದಳು. "ನಾನು ಕಣ್ಮುಚ್ಚೋಗಂಟ ಬೋಳು ಮೊಕ ನನ್ ಮುಂದೆ ತರಬ್ಯಾಡ. ಈ ಒಂದು ಮಾತು ಕೊಡು ನಂಗೆ. ಇನ್ನೊಂದು ಸಲ ಇಂಥ ದಾರಿ ಬರಾಕೆ ನನ್ ಕೈಲಾಗಕಿಲ್ಲ."

ಗಂಡ ಹಿಂದಿನಿಂದ, "ನನ್ನ ಆಯಸ್ಸು ಅವಳ ಕೆನ್ನೆ ಮ್ಯಾಲೈತಾ ಅತ್ತೆ? ಬ್ರೇಕಿನ ಮ್ಯಾಲೈತೆ" ಎಂದ. ಒಳ್ಳೆಯ ಮನುಷ್ಯ. ಆದರೆ ಅಕ್ಕ ಅವನ ಕಡೆ ನೋಡಲಿಲ್ಲ. ತಾಯಿಯ ಎರಡೂ ಕೈ ಹಿಡಿದುಕೊಂಡು, "ಆಯ್ತಮ್ಮ" ಎಂದಳು.

ಅಜ್ಜಿ ಬರುವಾಗ ಒಂದು ಚೀಲ ತಂದಿದ್ದಳು. ಅದರಲ್ಲಿ ಒಂದು ಸೀರೆ. ಗಂಡ ಹೋದವಳಿಗೆ ತವರಿನಿಂದ ತರಬೇಕಾದ ಸೀರೆ. ಬಿಳಿ ಹತ್ತಿಯದು, ತೆಳು ನೀಲಿ ಅಂಚು. ಎಲ್ಲರೂ ಉಂಡು ಹೊರಟ ಮೇಲೆ ನೋಡಿದರೆ ಚೀಲ ಮಂಚದ ಕೆಳಗೇ ಇತ್ತು. ಮರೆತದ್ದಲ್ಲ. ಅಂಥ ಸೀರೆಯನ್ನು ವಾಪಸ್ ಮನೆಗೆ ಒಯ್ಯುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಮುತ್ತೈದೆ ಉಡುವಂತಿಲ್ಲ. ಅಕ್ಕನ ಗಂಡ ಕೆರೆಗೆ ಎಸೆದು ಬರುತ್ತೇನೆಂದ. ಅಕ್ಕ ಅದರ ಸೆರಗನ್ನು ಕೆನ್ನೆಗೆ ಒತ್ತಿ ನೋಡಿ, "ಒಳ್ಳೇ ಮೆತ್ತಗೈತೆ. ಇರ್ಲಿ ಬಿಡು" ಎಂದಳು.

ನಾಲ್ಕಾರು ಸಲ ಒಗೆದು ಗಂಜಿ ಬಿಡಿಸಿ, ಅದನ್ನು ಎರಡು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಸುತ್ತ ಅಂಚು ಮಡಚಿ ಅದೇ ಕಾಣದ ಹೊಲಿಗೆ ಹಾಕಿದಳು. ಅಂದಿನಿಂದ ಅವಳು ಮುಖ ಒತ್ತಿಕೊಳ್ಳುತ್ತಿದ್ದದ್ದು ಆ ತುಂಡುಗಳಿಂದಲೇ. "ನನ್ ಗಂಡ ಸತ್ತಿದ್ದಕ್ಕೆ ತಂದ ಸೀರೆ ನೋಡು, ಮೊಕಕ್ಕೆ ಎಷ್ಟು ಹಿತವಾಗೈತೆ" ಎಂದು ನನ್ನೆದುರು ನಕ್ಕಳು. ನಕ್ಕವಳು ತುಂಡನ್ನು ಮುಖದ ಮೇಲಿಟ್ಟುಕೊಂಡು ಬಹಳ ಹೊತ್ತು ತೆಗೆಯಲಿಲ್ಲ. ನಾನು ಒಲೆಯ ಮೇಲಿದ್ದ ಹಾಲು ಇಳಿಸುವ ನೆವದಲ್ಲಿ ಒಳಗೆ ಹೋದೆ.

ಕೊಟ್ಟ ಮಾತನ್ನು ಅವಳು ಮೀರಲಿಲ್ಲ. ಕಲ್ಯಾಣದುರ್ಗಕ್ಕೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನ ನಲ್ಲಿಯ ಹತ್ತಿರ ನಿಂತು, ಚೀಲದಿಂದ ಸಣ್ಣ ಡಬ್ಬಿ ತೆಗೆದು ಮುಖಕ್ಕೆ ಅರಿಶಿನ ಹಚ್ಚಿಕೊಂಡು, ಆಮೇಲೆ ತವರಿನ ದಾರಿ ಹಿಡಿಯುತ್ತಿದ್ದಳು. ಅಲ್ಲಿರುವಷ್ಟು ದಿನವೂ ಹಚ್ಚುವುದು. ಅಜ್ಜಿ ದಿನಾ ಬೆಳಿಗ್ಗೆ ಕೆನ್ನೆ ಮುಟ್ಟಿ, ಬೆರಳು ಮೂಸಿ, ಆಮೇಲೇ ಕಾಫಿ ಕುಡಿಯುತ್ತಿದ್ದಳಂತೆ. ವಾಪಸ್ ಬಂದಾಗ ಅಕ್ಕನ ಮುಖ ನೋಡುವಂತಿರುತ್ತಿರಲಿಲ್ಲ. ಕೆನ್ನೆ ಹಣ್ಣು ಮೆಣಸಿನಕಾಯಿಯ ಕೆಂಪು, ತುಟಿಯ ಪಕ್ಕ ರಕ್ತ. ವಾರಗಟ್ಟಲೆ ಕ್ರೀಮು ಹಚ್ಚಿ ಸರಿಮಾಡಿಕೊಂಡದ್ದೆಲ್ಲ ಎರಡು ದಿನದಲ್ಲಿ ಹಾಳು.

"ಪಾದಕ್ಕೆ ಹಚ್ಕೊಂಡು ಹೋಗಕ್ಕ. ಅಜ್ಜಿಗೆ ಕಣ್ಣೆಲ್ಲಿ ಕಾಣ್ತೈತೆ?" ಎಂದು ನಾನು ರೇಗಿದೆ.

"ಕಣ್ಣು ಕಾಣಕಿಲ್ಲ, ಬೆರಳು ಕಾಣ್ತೈತೆ ಕಣಮ್ಮ."

"ಮೊದಲು ಕ್ರೀಮು ಹಚ್ಚಿ ಅದರ ಮೇಲೆ ಅರಿಶಿನ ಹಚ್ಚು."

"ಅದೂ ನೋಡ್ದೆ. ಏನಿದು ಜಿಡ್ಡು, ಅಂದ್ಳು."

"ಹಂಗಾದ್ರೆ ಹೇಳಿಬಿಡು, ನನ್ನ ಮುಖ ನನ್ನದು ಅಂತ."

ಅಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಆವತ್ತು ಅವಳು ವ್ಯಾನಿಳಿದು ಬಂದಿದ್ದನ್ನ ನೀನು ನೋಡ್ಲಿಲ್ವಾ? ನನ್ ಮೊಕ ಎರಡು ದಿನ ಉರೀತೈತೆ, ಆರ್ತೈತೆ. ಅವಳಿಗೆ ಆವತ್ತು ಉರಿದಿದ್ದು ಆರೇ ಇಲ್ಲ" ಎಂದಳು. ನಾನೂ ನೋಡಿದ್ದೆ. ಆದರೆ ಸಿಟ್ಟು ಇತ್ತು. ಆ ಸಿಟ್ಟೆಲ್ಲ ಅಜ್ಜಿಯ ಮೇಲೆಯೇ ಇತ್ತು, ಅದನ್ನು ಮುಚ್ಚಿಡುವುದೇನಿಲ್ಲ. ಒಬ್ಬಳ ಸಮಾಧಾನಕ್ಕೆ ಇನ್ನೊಬ್ಬಳ ಚರ್ಮ ಸುಲಿಯಬೇಕೆ?

ಹೋದ ಬೇಸಿಗೆಯಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಣ್ಣ ಅತ್ತಿಗೆ ಇಬ್ಬರೂ ದುಡಿಯಲು ಹೋಗುವವರು. ಅಕ್ಕ ಚೀಲ ತುಂಬಿಕೊಂಡು ನೋಡಿಕೊಳ್ಳಲು ಹೊರಟಳು. "ಅವಳು ಎದ್ದು ಕೂತ ಮೇಲೆ ಬತ್ತೀನಿ" ಎಂದಳು. ಕ್ರೀಮಿನ ಡಬ್ಬ ಕೊಡಲು ಹೋದರೆ, "ಅಲ್ಲಿಗ್ಯಾಕೆ? ಬಂದ ಮೇಲೆ ತಗೋತೀನಿ, ತೆಗೆದಿಡು" ಎಂದಳು. ಕಲ್ಯಾಣದುರ್ಗದ ಬೇಸಿಗೆ ಎಂಥದೆಂದು ಹೋದವರಿಗೆ ಗೊತ್ತು. ಅಲ್ಲಿನ ಗಾಳಿಗೆ ಒಣಹಾಕಿದ ಬಟ್ಟೆಯೇ ಕಟಕಟ ಅನ್ನುತ್ತದೆ. ಆ ಗಾಳಿಯಲ್ಲಿ ದಿನಾ ಅರಿಶಿನ. ಫೋನು ಮಾಡಿ ಮುಖ ಹೇಗಿದೆ ಎಂದು ಕೇಳಿದರೆ, "ಮೊಕದ ಸುದ್ದಿ ಬಿಡಮ್ಮ, ಅಮ್ಮ ಇವತ್ತು ಮಗ್ಗುಲು ಹೊಳ್ಳಿದ್ಳು" ಎನ್ನುತ್ತಿದ್ದಳು. ಅಷ್ಟು ದಿನದಲ್ಲಿ ಅವಳು ತನ್ನ ಬಗ್ಗೆ ಹೇಳಿದ್ದು ಒಂದೇ ಮಾತು: "ನಗಾಕೆ ಹೋದ್ರೆ ಬಾಯಿ ಸೀಳ್ತೈತೆ ಕಣೇ, ನಗಿಸಬ್ಯಾಡ."

ಒಂದು ಮಧ್ಯಾಹ್ನ ಅವಳ ಗಂಡನ ಫೋನು ಬಂತು. ಲಾರಿ ಎಲ್ಲೋ ನಿಲ್ಲಿಸಿಕೊಂಡು ಮಾತಾಡುತ್ತಿದ್ದ. "ಹೋಗ್ಬುಟ್ಳು ಕಣಮ್ಮ" ಎಂದ. ತಾಯಿಗೆ ಬಿಸಿನೀರು ತರುವಾಗ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲವಂತೆ. ಆಸ್ಪತ್ರೆಗೆ ಸೇರಿಸುವ ಮುಂಚೆಯೇ ಮುಗಿದಿತ್ತು.

ನಾನು ಹೋಗುವ ಹೊತ್ತಿಗೆ ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿದ್ದರು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಾನು ಮೊದಲು ನೋಡಿದ್ದು ಅವಳ ಮುಖವನ್ನೇ. ಕೆನ್ನೆಯ ಚರ್ಮ ಬಿಸಿಲಿಗೆ ಬಿರಿದ ಕೆರೆಯಂಗಳದ ಹಾಗಿತ್ತು. ಸೀಳುಗಳ ಒಳಗೆ ಹಳೆಯ ಅರಿಶಿನ ಹಳದಿ ಗೆರೆಯಾಗಿ ಕೂತಿತ್ತು. ಅದನ್ನು ಕಂಡ ಮೇಲೆ ನನಗೆ ಅಳು ಬರಲಿಲ್ಲ. ಅಜ್ಜಿ ಎಲ್ಲಿ ಎಂದು ಹುಡುಕಿದೆ. ಏನಾದರೂ ಅಂದುಬಿಡಬೇಕು ಎಂದುಕೊಂಡೇ ಹುಡುಕಿದೆ.

ಅಜ್ಜಿಯನ್ನು ಮಂಚದ ಸಮೇತ ಎತ್ತಿ ತಂದು ಹಲಗೆಯ ಪಕ್ಕದಲ್ಲೇ ಇಟ್ಟಿದ್ದರು. ಅಕ್ಕನನ್ನು ಮೀಯಿಸಿ ಆಗಿತ್ತು. ಮುಖ ಒರೆಸಲು ಬಟ್ಟೆ ಬೇಕೆಂದಾಗ ಅಕ್ಕನ ಮಗಳು ತಾಯಿಯ ಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದೊಂದು ತುಂಡು ತೆಗೆದು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದರಿಂದ ಕೂಡಲೇ ಒರೆಸಲಿಲ್ಲ. ಅಂಚಿನುದ್ದಕ್ಕೂ ಬೆರಳು ಆಡಿಸಿದಳು. ಮಗಳ ಹೊಲಿಗೆ ಅವಳ ಬೆರಳಿಗೆ ಗೊತ್ತಾಯಿತು.

"ಇದ್ಯಾವ ಸೀರೇದು?" ಎಂದಳು.

ಮೊಮ್ಮಗಳಿಗೆ ಗೊತ್ತಿರಲಿಲ್ಲ. ಲಾರಿಯಲ್ಲಿದ್ದ ಅಕ್ಕನ ಗಂಡ ಇನ್ನೂ ಬಂದು ಸೇರಿರಲಿಲ್ಲ, ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. "ಆವತ್ತು ನೀವು ಹಿಂದೂಪುರಕ್ಕೆ ತಂದಿದ್ರಲ್ಲ ಅಜ್ಜಿ, ಆ ಸೀರೇದು" ಎಂದೆ. ಚುಚ್ಚಬೇಕೆಂದೇ ಹೇಳಿದೆ. "ಬೇರೆ ಬಟ್ಟೆ ತಗುಲಿದ್ರೆ ಅಕ್ಕನ ಮುಖ ಉರೀತಿತ್ತು. ಇದರಲ್ಲೇ ಒತ್ತಿಕೊಳ್ತಿದ್ದಳು."

ಅಜ್ಜಿ ತುಂಡನ್ನು ಮಗಳ ಕೆನ್ನೆಯ ಮೇಲಿಟ್ಟು ಒತ್ತಿದಳು. ತೆಗೆದು ಇನ್ನೊಂದು ಕೆನ್ನೆಗೆ ಒತ್ತಿದಳು. ಅಷ್ಟರಲ್ಲಿ ಅರಿಶಿನದ ಬಟ್ಟಲು ಬಂತು. ಒಬ್ಬಳು ಹೆಂಗಸು ಬಾಗಿ ಅಂಗೈತುಂಬ ಅರಿಶಿನ ತೆಗೆದು ಅಕ್ಕನ ಕೆನ್ನೆಗೆ ತಿಕ್ಕತೊಡಗಿದಳು. ಅಜ್ಜಿಯ ಕೈ ಥಟ್ಟನೆ ಬಂದು ಅವಳ ಮಣಿಕಟ್ಟು ಹಿಡಿಯಿತು.

"ಉಜ್ಜಬ್ಯಾಡ ಕಣೇ. ಇತ್ಲಾಗೆ ಕೊಡು ನಂಗೆ."

ಸೊಂಟ ಮುರಿದಿದ್ದ ಅವಳು ಹೇಗೋ ಮಗ್ಗುಲಾಗಿ ಮಂಚದ ಅಂಚಿಗೆ ಸರಿದಳು. ನೋವಿಗೆ ಹಲ್ಲು ಕಚ್ಚಿದ್ದು ಕಾಣುತ್ತಿತ್ತು. ಬೆರಳ ತುದಿಯಲ್ಲಿ ಒಂದಿಷ್ಟು ಅರಿಶಿನ ತೆಗೆದುಕೊಂಡಳು. ಹಚ್ಚುವ ಮುಂಚೆ ಬಾಗಿ ಮಗಳ ಕಿವಿಯ ಹತ್ತಿರ ಬಾಯಿಟ್ಟಳು. ಮೆಲ್ಲಗೆ ಹೇಳಿದ್ದಾದರೂ ಹತ್ತಿರವಿದ್ದ ನನಗೆ ಕೇಳಿಸಿತು.

"ಇವತ್ತು ಉರಿಯಕಿಲ್ಲ ನನ್ ತಾಯಿ. ಹಚ್ಚಿಸ್ಕೋ."

ಅವಳಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಬೆರಳಿಗೆ ಹೊಟ್ಟು ಹತ್ತಿದಾಗಲೆಲ್ಲ ಗೊತ್ತಾಗಿತ್ತು. ಬೈಯಬೇಕೆಂದು ಹೋಗಿದ್ದ ನಾನು ಅರಿಶಿನದ ಬಟ್ಟಲನ್ನು ಅವಳ ಕೈಗೆ ಎಟುಕುವಂತೆ ಹಿಡಿದೆ. ಅಜ್ಜಿ ಎರಡೂ ಕೆನ್ನೆಗೆ, ಗಲ್ಲಕ್ಕೆ, ಹಣೆಗೆ ಅರಿಶಿನವನ್ನು ಒತ್ತಿ ಒತ್ತಿ ಹಚ್ಚಿದಳು. ಹಚ್ಚಿ ಕೈ ತೆಗೆಯದೆ, ಏನನ್ನೋ ಕಾಯುವವಳ ಹಾಗೆ ಅಂಗೈಯನ್ನು ಕೆನ್ನೆಯ ಮೇಲೇ ಇಟ್ಟುಕೊಂಡು ಕೂತಳು. ನಾನೂ ಕಾದೆ. ಅರಿಶಿನ ಹಚ್ಚಿದ ಮೇಲೂ ಅಕ್ಕನ ಕೆನ್ನೆ ಕೆಂಪಾಗದೆ ಇದ್ದದ್ದನ್ನು ನಾನು ನೋಡಿದ್ದು ಆವತ್ತೇ.